ಸೀಗಡಿ ವಾರ್ಡು

ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ವಿಚಾರಣೆ, ಆಮೇಲೆ ಔಷಧಿ. ಎಲ್ಲಿ ತಿಂದೆ, ಯಾರ ಪಕ್ಕ ಕೂತೆ, ಕೈ ತೊಳೆದೆಯೋ ಇಲ್ಲವೋ. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆಯೇ ಮಾತ್ರೆಯ ಡಬ್ಬಿ ತೆರೆಯುತ್ತಿತ್ತು. ವಿಚಾರಣೆ ನಡೆಸುತ್ತಿದ್ದವರು ಮನೆಯ ಯಜಮಾನಿ. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದು ಹೆಡ್ ನರ್ಸ್ ಆಗಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಕೇಳಿ ಕೇಳಿ ಅವರ ಗಂಡನಿಗೂ ಅದೇ ರೂಢಿಯಾಗಿತ್ತು. “ಕಟ್ಟಿಕೊಂಡ ಹೆಂಡತೀನ ಸಿಸ್ಟರ್ ಅಂತೀಯಲ್ಲಯ್ಯಾ” ಎಂದು ಗೆಳೆಯರು ನಕ್ಕರೆ, “ಅವಳು ನನ್ನ ಕಂಡಕ್ಟರ್ ಅಂತಾಳೆ, ಅಲ್ಲಿಗಲ್ಲಿಗೆ ಸರಿಹೋಯ್ತು” ಎನ್ನುತ್ತಿದ್ದರು. ಸಿಟಿ ಬಸ್ಸಿನಲ್ಲಿ ಆಯುಸ್ಸೆಲ್ಲ ನಿಂತೇ ಕಳೆದ ಆ ಮನುಷ್ಯ ಈಗ ಹಾಲ್‌ನ ಸೋಫಾ ಬಿಟ್ಟು ಏಳುತ್ತಿರಲಿಲ್ಲ.

ಮಗ ಲಿಫ್ಟ್ ಮೆಕ್ಯಾನಿಕ್. ಸೊಸೆ ಎರಡು ಬೀದಿ ಆಚೆಯ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸಿ ಬಣ್ಣ ಹಾಕುವವಳು. ಮದುವೆಯಾಗಿ ಎರಡು ವರ್ಷ. ಹೆಣ್ಣುಮಗಳೊಬ್ಬಳು ಮದುವೆಯಾಗಿ ಪಕ್ಕದ ಊರಿನಲ್ಲಿದ್ದಳು. ದಿನಾ ಸಂಜೆ ಫೋನಿನಲ್ಲಿ ಅವಳ ಹಾಜರಿ ಇದ್ದೇ ಇರುತ್ತಿತ್ತು.

ಇನ್ನುಳಿದ ಸಂಸಾರ ಹಾಲ್‌ನ ಕಿಟಕಿ ಪಕ್ಕದ ಗಾಜಿನ ಟ್ಯಾಂಕಿನಲ್ಲಿತ್ತು. ನಲವತ್ತು ಕೆಂಪು ಸೀಗಡಿಗಳು, ಒಂದೊಂದೂ ಕಿರುಬೆರಳಿನ ಗೆಣ್ಣಿನಷ್ಟು. ನಿವೃತ್ತಿಯಾದ ತಿಂಗಳಲ್ಲೇ ಸಿಸ್ಟರ್ ತಂದು ಸಾಕಿದವು. ಮನೆಯಲ್ಲಿ ಯಾರೂ ಸರಿಯಾಗಿ ಕಾಯಿಲೆ ಬೀಳುತ್ತಿಲ್ಲವಾದ್ದರಿಂದ ಅವರಿಗೆ ರೋಗಿಗಳು ಬೇಕಾಗಿದ್ದರು ಎಂಬುದು ಕಂಡಕ್ಟರ್ ವಾದ. ಮೊದಮೊದಲು ಅವರು ಟ್ಯಾಂಕಿನ ತಳದಲ್ಲಿ ಬಿದ್ದ ಬಿಳಿ ಸಿಪ್ಪೆ ಕಂಡು, “ಸಿಸ್ಟರ್, ಒಂದು ಪ್ಯಾಸೆಂಜರ್ ಇಳೀತು!” ಎಂದು ಕೂಗುತ್ತಿದ್ದರು. ಸಿಸ್ಟರ್ ಓಡಿ ಬಂದು ನೋಡಿ, “ಸತ್ತಿಲ್ಲ, ಪೊರೆ ಬಿಟ್ಟಿದೆ. ಹಾವು ಬಿಡಲ್ವಾ, ಹಂಗೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ರೀ” ಎಂದು ಗದರುತ್ತಿದ್ದರು.

ತೊಂದರೆ ಶುರುವಾದದ್ದು ಬಿಳಿ ಎಳೆಗಳಿಂದ. ಒಂದು ಬೆಳಿಗ್ಗೆ ಸಿಸ್ಟರ್ ಭೂತಗನ್ನಡಿ ಹಿಡಿದು ಗಾಜಿಗೆ ಮುಖವಿಟ್ಟು ಕೂತವರು ಚಹಾ ಆರಿದರೂ ಏಳಲಿಲ್ಲ. ನಾಲ್ಕು ಸೀಗಡಿಗಳ ಮೂತಿಯ ತುದಿಯಲ್ಲಿ ಕೂದಲಿನಂಥ ಬಿಳಿ ಎಳೆಗಳಿದ್ದವು.

“ವಯಸ್ಸಾಯ್ತು, ಗಡ್ಡ ಬಂದಿದೆ ಬಿಡು” ಎಂದರು ಕಂಡಕ್ಟರ್.

“ಗಡ್ಡ ಅಲ್ಲ. ಅದೊಂದು ಹುಳ, ಮೂತಿ ಮೇಲೆ ಕೂತು ಬದುಕುತ್ತೆ. ಉಪ್ಪು ನೀರಲ್ಲಿ ಸ್ನಾನ ಮಾಡಿಸಬೇಕು.” ಸೊಸೆಯ ಕಡೆ ತಿರುಗಿ, “ಬಾರೇ ಇಲ್ಲಿ, ಗಡಿಯಾರ ಹಿಡ್ಕೊ” ಎಂದರು.

ಒಂದು ಲೋಟ ಟ್ಯಾಂಕಿನ ನೀರಿಗೆ ಒಂದು ದೊಡ್ಡ ಚಮಚ ಉಪ್ಪು. ಒಂದೊಂದೇ ಸೀಗಡಿಯನ್ನು ಬಲೆಯಲ್ಲಿ ಹಿಡಿದು ಅರ್ಧ ನಿಮಿಷ ಅದರೊಳಗೆ ಅದ್ದಿ ತೆಗೆಯುವುದು. ಸೊಸೆ ಎಣಿಸುತ್ತಿದ್ದಳು: “ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಸಾಕು ಅತ್ತೆ, ಸಾಕು, ಒದ್ದಾಡ್ತಿದೆ.” ಎರಡು ದಿನ ಬಿಟ್ಟು ಮತ್ತೊಮ್ಮೆ. ಎಳೆಗಳು ಉದುರಿಹೋದವು. ಅತ್ತೆ ಸೊಸೆ ಇಬ್ಬರೂ ಗಾಜಿನ ಮುಂದೆ ತಲೆಗೆ ತಲೆ ತಾಗಿಸಿ ಕೂತು ನೋಡಿದ್ದು ಅದೇ ಮೊದಲು. ಕೊನೆಯದೂ ಅದೇ ಆಗುವ ಹಾಗಿತ್ತು.

ಏಕೆಂದರೆ ರೋಗ ವಾಸಿಯಾದ ಮೇಲೆ ಸಿಸ್ಟರ್‌ಗೆ ವಿಚಾರಣೆ ನೆನಪಾಯಿತು.

“ಇದು ಎಲ್ಲಿಂದ ಬಂತು?” ಎಂದು ಊಟದ ಹೊತ್ತಿಗೆ ಕೇಳಿದರು. “ಮೂರು ವರ್ಷದಿಂದ ಇರದ ಹುಳ. ಹೋದ ತಿಂಗಳು ಟ್ಯಾಂಕಿಗೆ ಹೊಸ ಗಿಡ ಹಾಕಿದ್ದು ಯಾರು?”

ಸೊಸೆಯೇ ಹಾಕಿದ್ದಳು. ಪಾರ್ಲರಿಗೆ ಬರುವ ಗಿರಾಕಿಯೊಬ್ಬಳು ತನ್ನ ಟ್ಯಾಂಕಿನದನ್ನು ಪ್ರೀತಿಯಿಂದ ಕೊಟ್ಟ ಗಿಡ. ಅತ್ತೆಗೆ ಖುಷಿಯಾಗಲಿ ಎಂದು ತಂದಿದ್ದಳು.

“ತೊಳೆದೇ ಹಾಕಿದೆ ಅತ್ತೆ.”

“ಯಾವುದರಲ್ಲಿ?”

“ನೀರಲ್ಲಿ.”

“ಬರೀ ನೀರಲ್ಲಿ” ಎಂದರು ಸಿಸ್ಟರ್, ಮಗನ ಮುಖ ನೋಡುತ್ತ. “ಕೇಳಿದೆಯಾ? ಬರೀ ನೀರಲ್ಲಿ.”

ಮಗ ಅನ್ನ ಕಲಸಿದ. ಕೆಟ್ಟು ನಿಂತ ಲಿಫ್ಟ್ ಬಿಚ್ಚಿ ಸರಿಮಾಡುವವನು ಈ ಇಬ್ಬರ ನಡುವೆ ಸಿಕ್ಕಿಕೊಂಡಾಗ ಯಾವ ಗುಂಡಿಯನ್ನೂ ಒತ್ತುತ್ತಿರಲಿಲ್ಲ.

ಮಾರನೆಯ ದಿನದಿಂದ ಮನೆಯಲ್ಲಿ ವಾರ್ಡು ಶುರುವಾಯಿತು. ಟ್ಯಾಂಕಿನ ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಟೀಲ್ ಬಟ್ಟಲು ಬಂತು, ಅದರ ತುಂಬ ಆಸ್ಪತ್ರೆಯ ವಾಸನೆಯ ಸೋಂಕುನಿವಾರಕ. ಸಿಸ್ಟರ್ ಅದನ್ನು ಲೋಷನ್ ಎನ್ನುತ್ತಿದ್ದರು. ಸೋಮವಾರ ಮತ್ತು ಗುರುವಾರ ರೌಂಡ್ಸ್. ಮೊಳಕೈವರೆಗೆ ಎರಡೂ ಕೈ ಲೋಷನ್ನಿನಲ್ಲಿ ಅದ್ದುವುದು, ಎರಡು ಬಾರಿ ಒದರುವುದು, ಬಲೆಯನ್ನೂ ಚಮಚವನ್ನೂ ಅದರಲ್ಲೇ ಮುಳುಗಿಸಿ ತೆಗೆಯುವುದು, ಆಮೇಲೆ ಒಂದೊಂದು ಸೀಗಡಿಯನ್ನೂ ಹಿಡಿದು ಮೂತಿ, ಹೊಟ್ಟೆ, ಬಾಲ ಪರೀಕ್ಷಿಸುವುದು. ಮೂವತ್ತನಾಲ್ಕು ವರ್ಷ ತನ್ನ ಕೈಯಿಂದ ಒಂದು ಮಗುವಿಗೂ ಸೋಂಕು ತಗುಲಿಲ್ಲ ಎಂಬ ಹೆಮ್ಮೆ ಅವರದು. ಆ ಹೆಮ್ಮೆ ಸುಳ್ಳಲ್ಲ.

ಮೊದಲ ಸಾವು ಮಂಗಳವಾರ ಬೆಳಿಗ್ಗೆ. ಎಲ್ಲರೂ ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದಾಗ ಸಿಸ್ಟರ್ ಅದನ್ನು ಚಮಚದಲ್ಲಿ ತಂದು ಮೇಜಿನ ಮಧ್ಯದಲ್ಲೇ ಇಟ್ಟರು.

“ಇದು ಪೊರೆ ಅಲ್ಲ” ಎಂದರು.

“ತಿನ್ನೋ ಕಡೆ ಹೆಣ ತಂದಿಡಬೇಡಮ್ಮ” ಎಂದ ಮಗ.

ಶುಕ್ರವಾರ ಎರಡು. ಮುಂದಿನ ಮಂಗಳವಾರ ಮೂರು. ಸಾಯುವ ಮುನ್ನ ಅವು ಹುಚ್ಚು ಹಿಡಿದ ಹಾಗೆ ಟ್ಯಾಂಕಿನ ತುಂಬ ಚಿಮ್ಮುತ್ತಿದ್ದವು, ಆಮೇಲೆ ಪಕ್ಕಕ್ಕೆ ವಾಲಿ ಬಿದ್ದು ಕಾಲು ನಡುಗಿಸುತ್ತಿದ್ದವು. ಸಿಸ್ಟರ್ ಅಕ್ವೇರಿಯಂ ಅಂಗಡಿಗೆ ಹೋಗಿ ಎಲ್ಲ ಲಕ್ಷಣ ಹೇಳಿದರು. ಅಂಗಡಿಯವನು ಮೀನಿಗೆ ಊಟ ಹಾಕುತ್ತಲೇ ಕೇಳಿಸಿಕೊಂಡ.

“ಕತ್ತಿನ ಹಿಂದೆ ಬಿಳಿ ಪಟ್ಟಿ ಬಂದಿದೆಯಾ? ಪೊರೆ ಬಿಡೋಕಾಗದೆ ಸತ್ತರೆ ಹಂಗಾಗುತ್ತೆ.”

“ಇಲ್ಲ.”

“ಮೈ ಒಳಗೆ ಹಾಲಿನ ಥರ ಬೆಳ್ಳಗಾಗಿದೆಯಾ?”

“ಅದೂ ಇಲ್ಲ. ನಾನು ನೋಡದೆ ಇರ್ತೀನಾ?”

“ಹಂಗಿದ್ರೆ ರೋಗ ಅಲ್ಲಮ್ಮ. ರೋಗ ಆದ್ರೆ ನಿಧಾನ. ಚಿಮ್ಮಾಡಿ ಸಾಯೋದು ಅಂದ್ರೆ ನೀರಿಗೆ ಏನೋ ಬಿದ್ದಿದೆ. ಸೊಳ್ಳೆ ಸ್ಪ್ರೇ, ಸೆಂಟು, ಸೋಪು, ಏನೇ ಆಗಲಿ ಒಂದು ತೊಟ್ಟು ಸಾಕು.”

ನೀರಿಗೆ ಏನೋ ಬಿದ್ದಿದೆ ಎಂದು ಅವನು ಹೇಳಿದ್ದು. ಮನೆ ತಲುಪುವಷ್ಟರಲ್ಲಿ ಸಿಸ್ಟರ್ ತಲೆಯಲ್ಲಿ ಅದು ಯಾರೋ ಹಾಕಿದ್ದಾರೆ ಎಂದಾಗಿತ್ತು.

ಸಂಜೆ ಸೊಸೆ ಕೆಲಸದಿಂದ ಬಂದಾಗ ಬಾಗಿಲಲ್ಲೇ ತಡೆ.

“ಚಪ್ಪಲಿ ಮಾತ್ರ ಅಲ್ಲ, ಬಟ್ಟೇನೂ ಬದಲಾಯಿಸ್ಕೊಂಡು ಹಾಲ್‌ಗೆ ಬಾ. ಕೂದಲ ಬಣ್ಣ, ಸ್ಪ್ರೇ, ಇನ್ನೇನೇನೋ ಮೈಗೆ ಹತ್ತಿರುತ್ತೆ.”

“ಆಯ್ತು ಅತ್ತೆ.”

“ಟ್ಯಾಂಕ್ ಹತ್ರ ಹೋಗಬೇಡ.”

“ನಾನ್ಯಾಕೆ ಹೋಗ್ಲಿ?”

“ಯಾಕೆ ಅಂತ ನೀನೇ ಹೇಳಬೇಕು.”

ಸೊಸೆ ನಿಂತಲ್ಲೇ ನಿಂತಳು. “ಏನು ಹಂಗಂದ್ರೆ?”

“ನಾನು ನಿನ್ನ ಹೆಸರು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೊಳ್ತೀಯ?”

ಸೋಫಾದಿಂದ ಕಂಡಕ್ಟರ್, “ಹೋಲ್ಡಾನ್, ಹೋಲ್ಡಾನ್. ಮೊದಲು ಮಗು ಒಳಗೆ ಹತ್ತಲಿ, ಟಿಕೆಟ್ ಆಮೇಲೆ ಕೇಳೋಣ” ಎಂದರು.

ಸಿಸ್ಟರ್ ಹಳೆಯ ಉದ್ದನೆಯ ರಿಜಿಸ್ಟರ್ ಒಂದನ್ನು ತೆರೆದರು. ದಿನಾಂಕ, ಸತ್ತವು ಎಷ್ಟು, ಲಕ್ಷಣ, ಕಾರಣ ಎಂದು ನಾಲ್ಕು ಕಲಂ ಗೆರೆ ಹಾಕಿದರು. ಮೂರು ಕಲಂ ಚೊಕ್ಕವಾಗಿ ತುಂಬುತ್ತಿದ್ದವು. ನಾಲ್ಕನೆಯದರಲ್ಲಿ ಮೊದಲು ‘ಸ್ಪ್ರೇ?’ ಎಂದಿತ್ತು. ಆಮೇಲೆ ‘ಪಾರ್ಲರ್?’ ಆಮೇಲೆ ‘ಸೊಸೆ?’ ಮೂರನೆಯ ವಾರಕ್ಕೆ ಪ್ರಶ್ನೆಯ ಚಿಹ್ನೆ ಬಿದ್ದುಹೋಯಿತು. ಅದಕ್ಕೆ ಅವರ ಬಳಿ ಆಧಾರವೂ ಇತ್ತು. ಸಾವೆಲ್ಲ ಮಂಗಳವಾರ ಮತ್ತು ಶುಕ್ರವಾರ. ಮಂಗಳವಾರ ಪಾರ್ಲರಿಗೆ ರಜ, ಸೊಸೆ ಇಡೀ ದಿನ ಮನೆಯಲ್ಲೇ. ಶುಕ್ರವಾರ ಅವಳು ತಡವಾಗಿ ಕೆಲಸಕ್ಕೆ ಹೊರಡುವ ದಿನ. ಇನ್ನೇನು ಬೇಕು?

ಫೋನಿನಲ್ಲಿ ಮಗಳೂ ಅದನ್ನೇ ಕೇಳಿದಳು. “ಇನ್ನೇನಮ್ಮ ಬೇಕು ನಿನಗೆ? ಇವತ್ತು ಸೀಗಡಿ. ನಾಳೆ ನಿನ್ನ ಊಟಕ್ಕೇ ಏನಾದ್ರೂ ಹಾಕಿದ್ರೆ?” ಬೆಂಕಿಗೆ ತುಪ್ಪ ಸುರಿಯಲು ಆ ಮಗಳಿಗೆ ಪಕ್ಕದ ಊರು ಏನೇನೂ ದೂರವಾಗಿರಲಿಲ್ಲ.

ಮಾರನೆಯ ದಿನದಿಂದ ಸಿಸ್ಟರ್ ಊಟಕ್ಕೆ ಕೂರುವ ಮುನ್ನ, ಸೊಸೆ ತೊಳೆದು ಜೋಡಿಸಿಟ್ಟ ತಟ್ಟೆಯನ್ನು ಎತ್ತಿಕೊಂಡು ನಲ್ಲಿಗೆ ಹೋಗಿ ಎಲ್ಲರ ಕಣ್ಣೆದುರು ಮತ್ತೊಮ್ಮೆ ತೊಳೆಯತೊಡಗಿದರು. ಒಂದು ಮಾತಿಲ್ಲ. ನಲ್ಲಿಯ ಸದ್ದು ಅಷ್ಟೇ. ಸೊಸೆ ಸೌಟು ಹಿಡಿದು ಕಾಯಬೇಕು. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ನಲ್ಲಿಯ ನೀರಿಗೆ ಏನು ಹೇಳುವುದು?

ಐದನೆಯ ವಾರ ಸಿಸ್ಟರ್ ಮಗಳ ಮನೆಗೆ ಹೋಗಿ ಭಾನುವಾರದಿಂದ ಬುಧವಾರದವರೆಗೆ ಇದ್ದರು. ಹೋಗುವ ಮುನ್ನ ಸೀಗಡಿಗಳನ್ನು ಎರಡೆರಡು ಸಲ ಎಣಿಸಿದರು. ಹದಿನಾರು. ಬಂದವರೇ ಚಪ್ಪಲಿಯನ್ನೂ ಬಿಡದೆ ಎಣಿಸಿದರು. ಹದಿನಾರೇ ಇದ್ದವು.

“ನೋಡಿದೆಯಾ, ನೀನಿಲ್ಲದಿದ್ರೂ ನಾವೇನೂ ಸಾಯಿಸಲಿಲ್ಲ” ಎಂದರು ಕಂಡಕ್ಟರ್, ಸಂತೋಷದಿಂದ.

“ಅದೇ ಹೇಳ್ತೀನಿ ನಾನೂ” ಎಂದರು ಸಿಸ್ಟರ್. “ನಾನಿಲ್ಲದಾಗ ಸತ್ತರೆ ತಾನು ಸಿಕ್ಕಿಬೀಳ್ತೀನಿ ಅಂತ ಗೊತ್ತು ಅವಳಿಗೆ. ಜಾಣೆ.” ಅದನ್ನೂ ರಿಜಿಸ್ಟರಿನಲ್ಲಿ ಬರೆದಿಟ್ಟರು. ಮನಸ್ಸಿಗೆ ಅನುಮಾನ ಹೊಕ್ಕ ಮೇಲೆ ಸತ್ತರೂ ಸಾಕ್ಷಿ, ಬದುಕಿದರೂ ಸಾಕ್ಷಿ.

ಗುರುವಾರದ ರೌಂಡ್ಸಿನಲ್ಲಿ ಹೊಸ ರೋಗ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡ ಸೀಗಡಿಯ ಹೊಟ್ಟೆಯಡಿ, ಈಜುವ ಕಾಲುಗಳ ನಡುವೆ, ಹಸಿರು ಮುದ್ದೆ. ಹೊಟ್ಟೆಯಡಿ ಹಸಿರು ಬೂಜು ಬೆಳೆಯುವ ಕಾಯಿಲೆ ಒಂದಿದೆ, ಅದಕ್ಕೆ ಮದ್ದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ ಎಂದು ಸಿಸ್ಟರ್ ಓದಿದ್ದರು. ಬಲೆಯನ್ನು ಕಂಡಕ್ಟರ್ ಕೈಗೆ ಕೊಟ್ಟರು.

“ಇದನ್ನ ಹೊರಗೆ ಒಯ್ದು ಮುಗಿಸಿ. ಇದ್ರೆ ಉಳಿದವಕ್ಕೂ ಬರುತ್ತೆ.”

“ನಾನಾ? ಬಸ್ಸಿಂದ ಒಬ್ಬರನ್ನ ಇಳಿಸಿದವನಲ್ಲ ನಾನು, ಟಿಕೆಟ್ ಇಲ್ಲದಿದ್ರೂ.”

“ರೀ, ಹೇಳಿದಷ್ಟು ಮಾಡಿ.”

ಕಂಡಕ್ಟರ್ ಹಿತ್ತಿಲಿಗೆ ಹೋದರು. ಬಲೆಯೊಳಗೆ ಅದು ಮಿಸುಕುತ್ತಿತ್ತು. ಸೊಸೆ ಅಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅವರು ಆ ಕಡೆ ಈ ಕಡೆ ನೋಡಿ, ಪಿಸುಗುಟ್ಟಿದರು: “ನನ್ನ ಕೈಲಾಗಲ್ಲ ಕಣಮ್ಮ. ನೀನೇ ಏನಾದ್ರೂ ಮಾಡು.”

“ನನ್ನ ಕೈಗೆ ಕೊಡ್ತೀರಲ್ಲ ಮಾವ. ಈ ಮನೆ ಕೊಲೆಗಾತಿ ನಾನೇ ತಾನೆ” ಎಂದಳು ಸೊಸೆ. ಹಾಗೆಂದರೂ ಒಳಗಿಂದ ಕಾಫಿಪುಡಿಯ ಖಾಲಿ ಗಾಜಿನ ಬಾಟಲಿ ತಂದು, ಹಿಂದಿನ ದಿನ ಹಿಡಿದಿಟ್ಟ ನೀರು ತುಂಬಿ, ಸೀಗಡಿಯನ್ನು ಅದಕ್ಕೆ ಬಿಟ್ಟಳು. ಕೆಲಸಕ್ಕೆ ಹೊರಡುವಾಗ ಅದನ್ನು ಚೀಲದಲ್ಲಿ ಅಡಗಿಸಿ ಪಾರ್ಲರಿಗೆ ಒಯ್ದಳು. ಗಿಡ ಕೊಟ್ಟ ಗಿರಾಕಿ ಒಂದು ಹಿಡಿ ಪಾಚಿಯನ್ನೂ ತಂದುಕೊಟ್ಟಳು. ಬಾಟಲಿ ಹಿಂದಿನ ಕೋಣೆಯ ಕಿಟಕಿಯಲ್ಲಿ ಕೂತಿತು, ಪಾರ್ಲರಿನ ಒಡತಿ ಹಾಲು ಕಾಯಿಸುವ ಜಾಗದಲ್ಲಿ.

“ಸಾಯೋ ಸೀಗಡಿಗೆ ಇಷ್ಟು ಉಪಚಾರವಾ?” ಎಂದಳು ಒಡತಿ.

“ಸತ್ತರೆ ಸಾಯಲಿ ಅಕ್ಕ. ಒಂದಾದ್ರೂ ನನ್ನ ಲೆಕ್ಕಕ್ಕೆ ಸೇರದೆ ಸಾಯಲಿ.”

ಆ ಮಾತು ಅವಳು ತಮಾಷೆಗೆ ಆಡಿದ್ದು. ರಿಜಿಸ್ಟರ್ ಅವಳ ಕಣ್ಣಿಗೆ ಬಿದ್ದದ್ದು ಎರಡು ದಿನದ ನಂತರ. ಹಾಲ್ ಗುಡಿಸುವಾಗ ಸ್ಟೂಲ್ ಸರಿಸಿದಳು, ಅದು ಜಾರಿ ಬಿದ್ದು ತೆರೆದುಕೊಂಡಿತು. ಪುಟದ ಬಲ ಅಂಚಿನುದ್ದಕ್ಕೂ ಮೇಲಿಂದ ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ: ಸೊಸೆ. ಸೊಸೆ. ಸೊಸೆ.

ಅಂದು ಅವಳು ಅಡುಗೆ ಮಾಡಲಿಲ್ಲ. ಮಗ ಕೆಲಸದಿಂದ ಬರುವ ಹೊತ್ತಿಗೆ ರಿಜಿಸ್ಟರ್ ಊಟದ ಮೇಜಿನ ಮೇಲಿತ್ತು, ಒಲೆ ತಣ್ಣಗಿತ್ತು.

“ಓದಿ” ಎಂದಳು ಅವನಿಗೆ.

ಅವನು ಓದಿದ. “ಅಮ್ಮ, ಏನಿದು?”

“ಆಗಿದ್ದು ಆದ ಹಾಗೆ ಬರ್ದಿದ್ದೀನಿ. ಬೇರೆಯವರ ಪುಸ್ತಕ ತೆಗೆದು ನೋಡೋದು ಯಾವ ಸಂಸ್ಕಾರ?”

“ನನ್ನ ಹೆಸರು ಹತ್ತು ಸಲ ಬರೆದ ಪುಸ್ತಕ ನನಗೆ ಬೇರೆಯವರದ್ದಾ?” ಸೊಸೆಯ ದನಿ ಏರಿತು. “ನಾನು ಯಾಕೆ ಕೊಲ್ಲಲಿ ಅವನ್ನ? ಏನು ಸಿಗುತ್ತೆ ನನಗೆ?”

“ಮೊದಲ ದಿನದಿಂದ ನನ್ನ ಶಿಸ್ತು ನಿನಗೆ ಆಗಿಬರಲ್ಲ. ನನ್ನ ನೇರ ಎದುರಿಸೋ ಧೈರ್ಯ ಇಲ್ಲ, ಅವುಗಳ ಮೇಲೆ ತೀರಿಸ್ಕೊಳ್ತೀಯ.”

“ಅತ್ತೆ!”

“ಸಾಕು ನಿಲ್ಲಿಸಿ ಇಬ್ಬರೂ” ಎಂದ ಮಗ. ಅಂದು ಒಂದು ಗುಂಡಿ ಒತ್ತಿದ. “ನಮ್ಮ ಕಂಪನಿ ಹತ್ರ ಎರಡು ಕೋಣೆ ಬಾಡಿಗೆಗೆ ಇದೆ. ಮುಂದಿನ ತಿಂಗಳು ನಾವು ಅಲ್ಲಿಗೆ ಹೋಗೋಣ.”

ಕಂಡಕ್ಟರ್ ಮುಖ ಬಾಡಿತು. ಆದರೆ ಬೇಡವೆಂದವಳು ಸೊಸೆ.

“ನಾನು ಬರಲ್ಲ.”

“ಯಾಕೆ? ದಿನಾ ಅಳ್ತಿದ್ದೆಯಲ್ಲ?”

“ಈಗ ಹೋದ್ರೆ ಕೊಂದಿದ್ದಕ್ಕೇ ಓಡಿಹೋದ್ಲು ಅಂತಾರೆ. ನಿಮ್ಮ ತಂಗಿ ಊರೆಲ್ಲ ಹೇಳ್ಕೊಂಡು ಬರ್ತಾಳೆ. ಆ ಪುಸ್ತಕದಲ್ಲಿ ನನ್ನ ಹೆಸರು ಇರೋವರೆಗೂ ಈ ಮನೆ ಹೊಸಿಲು ದಾಟಲ್ಲ. ಹೆಸರು ಅಳಿಸಿದ ದಿನ ನೀವು ಎಲ್ಲಿಗೆ ಕರೆದ್ರೂ ಬರ್ತೀನಿ.”

ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ತಟ್ಟೆ ಲೋಟಗಳೇ ಮಾತಾಡಿಕೊಂಡವು. ಅಡುಗೆ ಆಗುತ್ತಿತ್ತು, ತಟ್ಟೆ ಎರಡು ಸಲ ತೊಳೆಸಿಕೊಳ್ಳುತ್ತಿತ್ತು, ಉಪ್ಪು ಬೇಕಾದವರು ಎದ್ದು ಹಾಕಿಕೊಳ್ಳುತ್ತಿದ್ದರು. ಸಿಸ್ಟರ್ ಕಾವಲು ಬಿಗಿ ಮಾಡಿದರು. ಟ್ಯಾಂಕಿನ ಮುಚ್ಚಳಕ್ಕೆ ಟೇಪು ಅಂಟಿಸಿ, ಅದರ ಮೇಲೆ ಸಹಿ ಹಾಕಿದರು. ರೌಂಡ್ಸಿನ ದಿನ ತಾವೇ ಕಿತ್ತು, ತಾವೇ ಹೊಸದು ಅಂಟಿಸುವುದು. ಲೋಷನ್ನನ್ನು ಇನ್ನಷ್ಟು ಗಟ್ಟಿ ಮಾಡಿದರು. ಟೇಪು ಹರಿಯಲಿಲ್ಲ, ಸಹಿ ಅಳಿಸಲಿಲ್ಲ, ಸೀಗಡಿಗಳು ಸಾಯುವುದೂ ನಿಲ್ಲಲಿಲ್ಲ. ಹದಿನೈದು ಹನ್ನೊಂದಾಯಿತು, ಹನ್ನೊಂದು ಆರಾಯಿತು. ಸಿಸ್ಟರ್ ಗಂಡನ ಮಂಡಿನೋವಿನ ಮುಲಾಮನ್ನು ಮೂಸಿ ನೋಡಿದರು. ಮಗನ ಕೆಲಸದ ಬಟ್ಟೆಯ ಗ್ರೀಸನ್ನು ಮುಟ್ಟಿ ನೋಡಿದರು. ಒಂದು ದಿನ ನಲ್ಲಿಯ ನೀರನ್ನೇ ನಾಲಿಗೆಗೆ ಹಚ್ಚಿಕೊಂಡು ಬಹಳ ಹೊತ್ತು ಯೋಚಿಸಿದರು. ಸರಿಯಾಗಿ ಉಣ್ಣುವುದನ್ನೂ ಬಿಟ್ಟಿದ್ದರು. ಅವರ ದುಃಖ ನಿಜವಾದದ್ದೇ, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಸೋಮವಾರ ಮಧ್ಯಾಹ್ನ ಪಾರ್ಲರಿನ ಒಡತಿ ಹಾಲು ಕಾಯಿಸಲು ಹೋದವಳು ಕೂಗಿದಳು. “ಲೇ, ಬಾರೇ ಇಲ್ಲಿ! ನಿನ್ನ ಬಾಟಲಿಯಲ್ಲಿ ಏನೋ ಹರಿದಾಡ್ತಿದೆ!”

ಪಾಚಿಯ ಮೇಲೆ, ಗಾಜಿನ ಮೇಲೆ, ಅಕ್ಕಿಯ ನುಚ್ಚಿಗಿಂತ ಚಿಕ್ಕವು, ಗಾಜಿನಷ್ಟೇ ತೆಳು ಬಣ್ಣದವು, ಮೀಸೆ ಸಹಿತ. ಸೊಸೆ ಇಪ್ಪತ್ತರವರೆಗೆ ಎಣಿಸಿ ಕೈಬಿಟ್ಟಳು. ತಾಯಿಯ ಹೊಟ್ಟೆಯಡಿಯ ಹಸಿರು ಮುದ್ದೆ ಕಾಣೆಯಾಗಿತ್ತು. ಅವಳು ಏಪ್ರನ್ ಕೂಡ ಬಿಚ್ಚದೆ ಬಾಟಲಿಯನ್ನು ಎದೆಗವಚಿಕೊಂಡು ಮನೆಗೆ ನಡೆದಳು.

ಮನೆಯಲ್ಲಿ ರೌಂಡ್ಸ್ ನಡೆದಿತ್ತು. ರಜ ಹಾಕಿ ಮನೆಯಲ್ಲೇ ಇದ್ದ ಮಗ ಬಾಗಿಲು ತೆಗೆದ. ಸೊಸೆ ಬಟ್ಟೆ ಬದಲಾಯಿಸದೆ ನೇರ ಹಾಲ್‌ಗೆ ಬಂದು ಬಾಟಲಿಯನ್ನು ಊಟದ ಮೇಜಿನ ಮೇಲೆ ಇಟ್ಟಳು.

“ಏನದು?” ಎಂದರು ಸಿಸ್ಟರ್.

“ನೀವು ಮುಗಿಸಿ ಅಂದಿದ್ರಲ್ಲ, ಆ ರೋಗಿ. ಹೆರಿಗೆ ಆಗಿದೆ.”

ಸಿಸ್ಟರ್ ಭೂತಗನ್ನಡಿ ಹಿಡಿದು ಬಾಗಿದರು. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರು ಬಹಳ ಹೊತ್ತು ಆ ಮರಿಗಳನ್ನು ನೋಡಿದರು.

“ಈ ಮೊದಲು ಎಲ್ಲದರ ಮೊಟ್ಟೇನೂ ಹಳದಿ ಇತ್ತು” ಎಂದರು ಸಣ್ಣ ದನಿಯಲ್ಲಿ. “ಇದರದ್ದು ಹಸಿರು…”

“ಗರ್ಭಿಣೀನ ನನ್ನ ಕೈಲಿ ಕೊಲ್ಲಿಸ್ತಿದ್ದೆಯಲ್ಲ ಸಿಸ್ಟರ್” ಎಂದರು ಕಂಡಕ್ಟರ್. ಈ ಸಲ ತಮಾಷೆಗಲ್ಲ.

“ಎಲ್ಲಿಟ್ಟಿದ್ದೆ ಇದನ್ನ?”

“ಪಾರ್ಲರಿನಲ್ಲಿ ಅತ್ತೆ. ಬಣ್ಣ, ಸ್ಪ್ರೇ, ಎಲ್ಲ ಇರೋ ಪಾರ್ಲರಿನಲ್ಲಿ. ದಿನಾ ನಾನೇ ನೀರು ಹಾಕಿದ್ದು, ನನ್ನದೇ ಕೈಯಲ್ಲಿ. ಅಲ್ಲಿ ಒಂದೂ ಸತ್ತಿಲ್ಲ.”

ಸಿಸ್ಟರ್‌ಗೆ ತಾಯಿಯನ್ನು ಹತ್ತಿರದಿಂದ ನೋಡಬೇಕೆನಿಸಿತೋ ಏನೋ, ಅಭ್ಯಾಸಬಲದಿಂದ ಸ್ಟೂಲಿನ ಕಡೆ ತಿರುಗಿ ಎರಡೂ ಕೈ ಲೋಷನ್ನಿನಲ್ಲಿ ಅದ್ದಿ, ಎರಡು ಬಾರಿ ಒದರಿ, ಬಾಟಲಿಗೆ ಕೈ ಹಾಕಲು ಹೋದರು.

ಸೊಸೆ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಎರಡು ವರ್ಷದಲ್ಲಿ ಅವಳು ಅತ್ತೆಯ ಕೈ ಹಿಡಿದದ್ದು ಅದೇ ಮೊದಲು.

“ಅತ್ತೆ, ಇದನ್ನ ನೀರಲ್ಲಿ ತೊಳೆಯಲ್ವಾ ನೀವು?”

“ಯಾವುದನ್ನ?”

“ಈ ಲೋಷನ್ನ. ಕೈಗೆ ಹಚ್ಕೊಂಡು ಹಂಗೇ ಟ್ಯಾಂಕಿಗೆ ಹಾಕ್ತೀರಾ?”

“ತೊಳೆದ್ರೆ ಹಚ್ಚಿ ಏನು ಪ್ರಯೋಜನ? ವಾರ್ಡಿನಲ್ಲಿ…”

“ನಮ್ಮಲ್ಲಿ ಬಾಚಣಿಗೆ ಇಂಥದರಲ್ಲೇ ನೆನೆ ಹಾಕ್ತೀವಿ. ಮೂರು ನೀರಲ್ಲಿ ತೊಳೀದೆ ಗಿರಾಕಿ ತಲೆಗೆ ಮುಟ್ಟಿಸಿದ್ರೆ ಚರ್ಮ ಉರಿದುಹೋಗುತ್ತೆ. ಅಷ್ಟು ದೊಡ್ಡ ಮನುಷ್ಯರಿಗೇ ಹಂಗೆ. ಇವಕ್ಕೆ?” ಅವಳು ಮೇಜಿನ ಖಾನೆಯಿಂದ ರಿಜಿಸ್ಟರ್ ತೆಗೆದು ಗಂಡನ ಮುಂದೆ ಇಟ್ಟಳು. “ಸತ್ತ ದಿನ ಓದ್ರೀ.”

“ಮಂಗಳವಾರ” ಎಂದು ಮಗ ಓದಿದ. “ಶುಕ್ರವಾರ. ಮಂಗಳವಾರ. ಶುಕ್ರವಾರ…”

“ಮಾವ, ಅತ್ತೆ ರೌಂಡ್ಸ್ ಯಾವ ದಿನ?”

“ಸೋಮವಾರ, ಗುರುವಾರ. ಟೈಮ್‌ಟೇಬಲ್ ನನಗೆ ಬಾಯಿಪಾಠ” ಎಂದರು ಕಂಡಕ್ಟರ್. ಹೇಳಿದ ಮೇಲೆ ಅವರಿಗೇ ಹೊಳೆಯಿತು. ಸೋಫಾ ಬಿಟ್ಟು ಎದ್ದರು. “ಸೋಮವಾರ ಹೊರಟ ಬಸ್ಸು ಮಂಗಳವಾರ ಮುಟ್ತಿದೆ. ಗುರುವಾರದ್ದು ಶುಕ್ರವಾರ. ನೀನು ಊರಲ್ಲಿಲ್ಲದ ವಾರ ಬಸ್ಸೇ ಹೊರಡಲಿಲ್ಲ ಸಿಸ್ಟರ್.”

ಸಿಸ್ಟರ್ ತಮ್ಮ ಎರಡು ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು, ಮಗ್ಗುಲು ತಿರುಗಿಸಿ ನೋಡಿಕೊಂಡರು. ಆಮೇಲೆ ಮೂಸಿದರು. ಬಟ್ಟಲನ್ನು ಎತ್ತಿಕೊಂಡು ಬಚ್ಚಲಿಗೆ ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಸೊಸೆಗೆ ಅಯ್ಯೋ ಅನ್ನಿಸಿತು, ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ.

ಸಿಸ್ಟರ್ ರಿಜಿಸ್ಟರಿನ ಮುಂದೆ ಕೂತು ಪೆನ್ನು ತೆಗೆದರು. ನಾಲ್ಕನೆಯ ಕಲಮಿನ ಮೇಲೆ, ಮೇಲಿಂದ ಕೆಳಗೆ ಒಂದೇ ಗೆರೆ ಎಳೆದರು. ಪಕ್ಕದಲ್ಲಿ ‘ನನ್ನ ಕೈ’ ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿದರು.

“ಆ ಪುಟ ಹರಿದುಬಿಡಮ್ಮ” ಎಂದ ಮಗ. “ಇನ್ನೂ ಓದೋಕೆ ಬರ್ತಿದೆ.”

“ಬರಬೇಕು. ವಾರ್ಡಿನಲ್ಲಿ ತಪ್ಪು ಬರೆದ್ರೆ ಹರಿಯೋ ಹಾಗಿಲ್ಲ, ಮಸಿ ಬಳಿಯೋ ಹಾಗಿಲ್ಲ. ಒಂದೇ ಗೆರೆ. ಏನು ತಪ್ಪು ಬರೆದಿದ್ದೆ ಅಂತ ನಾಳೆ ನನಗೂ ಕಾಣಬೇಕು.” ಅವರು ಪುಸ್ತಕವನ್ನು ಸೊಸೆಯ ಕಡೆ ತಿರುಗಿಸಿದರು. “ಸರಿಯಾಯ್ತಾ?”

“ಪುಸ್ತಕದಲ್ಲಿ ಸರಿಯಾಯ್ತು ಅತ್ತೆ” ಎಂದಳು ಸೊಸೆ. “ಫೋನಿನಲ್ಲಿ?”

ಸಿಸ್ಟರ್ ಮುಖ ಕಲ್ಲಾಯಿತು. ಇದು ಪೆನ್ನಿನ ಕೆಲಸಕ್ಕಿಂತ ಕಷ್ಟದ್ದು. ಸಿಸ್ಟರ್ ಫೋನ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟು ಮಗಳಿಗೆ ಕರೆ ಮಾಡಿದರು.

“ಏನಮ್ಮ, ಇಷ್ಟು ಬೇಗ? ಇವತ್ತು ಎಷ್ಟು ಸಾಯಿಸಿದ್ಲು?” ಮಗಳ ದನಿ ಮನೆ ತುಂಬಿತು.

“ಸಾಯಿಸಿದ್ದು ಅವಳಲ್ಲ. ನಾನು.”

“ಏನು?”

“ಕೈ ತೊಳೆದೂ ತೊಳೆದೂ ನಾನೇ ಸಾಯಿಸಿದ್ದು. ಮೂವತ್ತಮೂರು ಸೀಗಡಿ. ಉಳಿಸಿದ್ದು ಅವಳು. ನೀನು ಯಾರ್ಯಾರಿಗೆ ಏನೇನು ಹೇಳಿದ್ದೀಯೋ ಅವರಿಗೆಲ್ಲ ಇದನ್ನೂ ಹೇಳು.”

“ಅಮ್ಮ, ಅವಳು ಪಕ್ಕದಲ್ಲಿ ನಿಂತು ಹೇಳಿಸ್ತಿದ್ದಾಳಾ?”

“ಹೌದು, ಪಕ್ಕದಲ್ಲೇ ನಿಂತಿದ್ದಾಳೆ” ಎಂದರು ಸಿಸ್ಟರ್. “ನಿಲ್ಲೋ ಹಕ್ಕು ಅವಳಿಗಿದೆ. ಇಡ್ತೀನಿ.”

ಸಂಜೆ ಅವರೆಲ್ಲ ಬೇಗ ಊಟಕ್ಕೆ ಕೂತರು. ಮಧ್ಯಾಹ್ನ ಯಾರೂ ಉಂಡಿರಲಿಲ್ಲ. ಉಳಿದ ಆರು ಸೀಗಡಿಗಳ ನೀರನ್ನು ಅತ್ತೆ ಸೊಸೆ ಸೇರಿ ಅಷ್ಟಷ್ಟೇ ಬದಲಾಯಿಸಿದ್ದರು; ಬಾಟಲಿ ಸದ್ಯಕ್ಕೆ ಅಡುಗೆಮನೆಯ ಕಿಟಕಿಯಲ್ಲೇ ಇರಲಿ ಎಂದಾಗಿತ್ತು. ಎರಡು ಕೋಣೆಯ ಬಾಡಿಗೆ ಮನೆಯ ಮಾತನ್ನು ಮಗ ಎತ್ತಲಿಲ್ಲ, ಸೊಸೆಯೂ ಎತ್ತಲಿಲ್ಲ. ಅದು ಮುಗಿದ ಮಾತೋ ಮುಂದಕ್ಕೆ ಹೋದ ಮಾತೋ ಯಾರಿಗೂ ತಿಳಿಯಲಿಲ್ಲ.

ಸೊಸೆ ಅನ್ನದ ಪಾತ್ರೆ ತಂದಳು. ಸಿಸ್ಟರ್ ತಮ್ಮ ತಟ್ಟೆ ಎತ್ತಿಕೊಂಡು ಎದ್ದರು. ರೂಢಿಯ ಕಾಲು ನಲ್ಲಿಯ ಕಡೆ ಮೂರು ಹೆಜ್ಜೆ ಇಟ್ಟಿತು. ಮೂವರೂ ಅವರನ್ನೇ ನೋಡುತ್ತಿದ್ದರು. ಅವರು ಅರ್ಧ ದಾರಿಯಲ್ಲಿ ನಿಂತು, ಕೈಯಲ್ಲಿದ್ದ ತಟ್ಟೆಯನ್ನು ನೋಡಿ, ಹಿಂದಿರುಗಿ ಬಂದು ಕೂತರು.

“ತೊಳೆಯಲ್ವಾ ಅತ್ತೆ?” ಎಂದಳು ಸೊಸೆ.

“ನೀನು ತೊಳೆದಿದ್ದೀಯಲ್ಲ.”

“ಬರೀ ನೀರಲ್ಲಿ.”

“ಸಾಕು” ಎಂದು ಸಿಸ್ಟರ್ ತಟ್ಟೆಯನ್ನು ಮುಂದಕ್ಕೆ ಹಿಡಿದರು. “ಹಾಕು.”